ಏಳು ದಿನದ ಕಾಳಜಿ ಸಾಕೇ?

ಹಣಕೋಣದ ಸಾತೇರಿ ದೇವಿಯ ಗುಡಿ ಬಾಗಿಲು ತೆರೆಯುವುದು ವರ್ಷಕ್ಕೆ ಏಳೇ ದಿನ. ಆ ವಾರ ಜನ ಹಗಲು ರಾತ್ರಿಯೆನ್ನದೆ ಸಾಲು ನಿಲ್ಲುತ್ತಾರೆ. ಎಂಟನೆಯ ದಿನ ಬಾಗಿಲು ಮುಚ್ಚಿತೆಂದರೆ ಮತ್ತೆ ದರ್ಶನ ಮುಂದಿನ ವರ್ಷವೇ. ಇದು ಹಿರಿಯರು ಮಾಡಿಟ್ಟ ಕಟ್ಟಳೆ. ಅದರ ಬಗ್ಗೆ ಯಾರ ತಕರಾರೂ ಇಲ್ಲ.

ತಕರಾರು ಇರುವುದು ಇನ್ನೊಂದು ಬಾಗಿಲಿನ ಬಗ್ಗೆ. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರ ಊರಿಗೆ ಊರೇ ಹೈಸ್ಕೂಲಿನ ಕಡೆ ತಿರುಗಿ ನೋಡುತ್ತದೆ. ಮೊದಲು ಬಂದವರಿಗೆ ಶಾಲು, ಹಾರ, ಪೇಪರಿನಲ್ಲಿ ಫೋಟೊ. ಫೇಲಾದವರ ಲೆಕ್ಕ ಹಿಡಿದು ಮಾಸ್ತರರಿಗೆ ಬೈಗುಳ. ಪುಢಾರಿಗಳ ಭಾಷಣ ಬೇರೆ. ಎಲ್ಲಾ ಸೇರಿ ಏಳು ದಿನ. ಎಂಟನೆಯ ದಿನ ಊರಿನ ಕಣ್ಣು ಮುಚ್ಚಿತೆಂದರೆ ಮತ್ತೆ ತೆರೆಯುವುದು ಮುಂದಿನ ಮೇ ತಿಂಗಳಿಗೆ. ನಡುವಿನ 358 ದಿನ ಆ ಮಕ್ಕಳು ಏನು ಓದಿದರು, ಯಾವಾಗ ಶಾಲೆ ಬಿಟ್ಟರು, ಯಾಕೆ ಬಿಟ್ಟರು ಎಂದು ಕೇಳುವವರು ಯಾರು ಸ್ವಾಮೀ?

ಮೂರನೇ ಸ್ಥಾನದ ಮರೆಯಲ್ಲಿ

2025ರ ಮೇ 2ರಂದು ಎಸ್ಸೆಸ್ಸೆಲ್ಸಿ ಮೊದಲ ಪರೀಕ್ಷೆಯ ಫಲಿತಾಂಶ ಬಂತು. ರಾಜ್ಯದಲ್ಲಿ ಶಾಲೆಯಿಂದ ಮೊದಲ ಸಲ ಬರೆದವರ ಪೈಕಿ ಪಾಸಾದವರು ಶೇ. 66.14. ಉತ್ತರ ಕನ್ನಡ ಶೈಕ್ಷಣಿಕ ಜಿಲ್ಲೆ ಶೇ. 83.19 ಪಡೆದು, ದಕ್ಷಿಣ ಕನ್ನಡ ಮತ್ತು ಉಡುಪಿಯ ನಂತರ ಮೂರನೆಯ ಸ್ಥಾನಕ್ಕೆ ಬಂತು. ಸಂತೋಷದ ಸಂಗತಿ. ದುಡಿದ ಮಾಸ್ತರರಿಗೂ ಅಕ್ಕೋರುಗಳಿಗೂ ಶಾಬಾಸ್ ಹೇಳಲೇಬೇಕು.

ಆದರೆ ಲೆಕ್ಕದ ಇನ್ನೊಂದು ಮಗ್ಗುಲು ನೋಡಿ. ನೂರಕ್ಕೆ ಹದಿನೇಳು ಮಕ್ಕಳು ಹಿಂದೆ ಉಳಿದರು. ಮೂವತ್ತು ಮಕ್ಕಳ ಒಂದು ಕ್ಲಾಸಿನಲ್ಲಿ ಐದು ಮಂದಿ. ಇವರ ಹೆಸರನ್ನು ಯಾರೂ ಮೈಕಿನಲ್ಲಿ ಕರೆಯಲಿಲ್ಲ. ಒಂಬತ್ತನೇ ಇಯತ್ತೆಯಲ್ಲೇ ಪಾಟಿಚೀಲ ಮೊಳೆಗೆ ನೇತುಹಾಕಿದವರಂತೂ ಈ ಲೆಕ್ಕದಲ್ಲೇ ಇಲ್ಲ. ಪರೀಕ್ಷೆಗೇ ಕೂರದವನು ಫೇಲಾಗುವುದು ಹೇಗೆ?

ಮೇಲಿನವರು ಕಂಡುಕೊಂಡ ದಾರಿ ಏನು? 2024ರಲ್ಲಿ ಪರೀಕ್ಷಾ ಕೊಠಡಿಗೆ ಕ್ಯಾಮೆರಾ ಕಣ್ಗಾವಲು ಬಂತು. ಹಿಂದಿನ ವರ್ಷ ಶೇ. 83.89 ಇದ್ದ ರಾಜ್ಯದ ಫಲಿತಾಂಶ, ಕೃಪಾಂಕ ಸುರಿದ ಮೇಲೂ ಶೇ. 73.40ಕ್ಕೆ ಕುಸಿಯಿತು. 2025ರ ಅಕ್ಟೋಬರಿನಲ್ಲಿ ಸರಕಾರ ಪಾಸಿನ ಗೆರೆಯನ್ನೇ ಶೇ. 35ರಿಂದ 33ಕ್ಕೆ ಇಳಿಸುವುದಾಗಿ ಸಾರಿತು. ಮಗುವಿನ ಕೈ ಹಿಡಿದು ಮೆಟ್ಟಿಲು ಹತ್ತಿಸುವುದು ಕಷ್ಟ. ಮೆಟ್ಟಿಲನ್ನೇ ತಗ್ಗಿಸುವುದು ಸುಲಭ. ಬಡವರ ಮಕ್ಕಳಿಗೆ ಎರಡು ಅಂಕದಿಂದ ಅನುಕೂಲವಾದರೆ ಆಗಲಿ, ಬೇಡ ಅನ್ನುವುದಿಲ್ಲ. ಆದರೆ ಅದರಿಂದ ಗಣಿತ ಬಂದಂತಾಯಿತೇ?

ಕಾನೂನು ಕೈಬಿಡುವ ವಯಸ್ಸು

ಶಿಕ್ಷಣದ ಹಕ್ಕಿನ ಕಾಯಿದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದು ಕೊಡುವ ಹಕ್ಕು ಆರರಿಂದ ಹದಿನಾಲ್ಕು ವರ್ಷದವರೆಗೆ, ಅಂದರೆ ಎಂಟನೇ ಇಯತ್ತೆಯ ತನಕ. ಮುಂದೆ ಒಂಬತ್ತು, ಹತ್ತಕ್ಕೆ ಬಂದ ಮಗುವನ್ನು ಶಾಲೆಯಲ್ಲಿ ಉಳಿಸಬೇಕೆಂಬ ಅಷ್ಟೇ ಗಟ್ಟಿಯಾದ ಕಟ್ಟುಪಾಡು ಇಲ್ಲ. ಇನ್ನೊಂದು ಕಡೆ, 2016ರಲ್ಲಿ ತಿದ್ದಿದ ಬಾಲಕಾರ್ಮಿಕ ಕಾಯಿದೆ ಹದಿನಾಲ್ಕು ತುಂಬಿದವರಿಗೆ ಅಪಾಯದ ಕೆಲಸ ಮಾತ್ರ ಬೇಡ ಅನ್ನುತ್ತದೆ. ಉಳಿದ ಕೆಲಸಕ್ಕೆ ಅಡ್ಡಿಯಿಲ್ಲ.

ಎರಡನ್ನೂ ಜೋಡಿಸಿ ಓದಿ. ಓದು ಬಿಟ್ಟರೆ ಹೇಳುವವರಿಲ್ಲ, ದುಡಿಯಲು ಹೋದರೆ ತಡೆಯುವವರಿಲ್ಲ! ಮಗುವಿಗೆ ಅತೀ ಹೆಚ್ಚು ಆಸರೆ ಬೇಕಾದ ವಯಸ್ಸಿನಲ್ಲೇ ಕಾನೂನು ಕೈಬಿಡುತ್ತದೆ. ಎಂಟರಿಂದ ಹತ್ತರವರೆಗಿನ ಮೂರು ವರ್ಷ ಅಂದರೆ ಮಳೆಗಾಲದ ಕಾಳಿ ಹೊಳೆ ಇದ್ದ ಹಾಗೆ. ಈಜು ಬಂದವನು ದಾಟುತ್ತಾನೆ. ಬಾರದವನಿಗೆ ದೋಣಿ ಬೇಕು.

ಕಾರವಾರ ತಾಲೂಕಿನ ಹುಡುಗನಿಗೆ ಈ ಹೊಳೆಯ ಆಚೆ ದಡದಲ್ಲಿ ಗೋವಾ ಕಾಣುತ್ತದೆ. ಗಡಿ ಇಲ್ಲೇ ಪಕ್ಕದಲ್ಲಿ. ಹೊಟೇಲು, ಫ್ಯಾಕ್ಟರಿ, ಕಟ್ಟಡದ ಕೆಲಸ. ತಿಂಗಳ ಕೊನೆಗೆ ಕೈಯಲ್ಲಿ ನೋಟು. ಊರಲ್ಲೇ ಇದ್ದರೆ ಮೀನಿನ ಬೋಟು, ರೇತಿಯ ಕೆಲಸ. "ಮಾಸ್ತರೇ, ಇವನ ತಲೆಗೆ ಗಣಿತ ಹತ್ತೂದಿಲ್ಲ. ಅವನ ಮಾವ ಗೋವಾದಲ್ಲಿದ್ದಾನೆ, ಅಲ್ಲಿಗೇ ಕಳಿಸ್ತೇವೆ" ಎಂಬ ಮಾತು ಈ ಕರಾವಳಿಯ ಹೆಡ್‌ಮಾಸ್ತರರಿಗೆ ಹೊಸದೇನಲ್ಲ. ತಾಯಿಯನ್ನು ದೂರಿ ಪ್ರಯೋಜನವಿಲ್ಲ. ಮನೆಯಲ್ಲಿ ಒಲೆ ಉರಿಯಬೇಕಲ್ಲ!

ಆದರೆ ಒಂದು ಮಾತು ಆ ತಾಯಿಗೆ ಹೇಳಬೇಕು. ಕೈಗಾ ಬಂತು, ಸೀಬರ್ಡ್ ಬಂತು. ಕಾರವಾರ, ಅಂಕೋಲಾ ತಾಲೂಕಿನ ಜನ ನೌಕಾನೆಲೆಗಾಗಿ ಮನೆ, ಗದ್ದೆ, ಕಡಲ ದಂಡೆ ಬಿಟ್ಟುಕೊಟ್ಟರು. ಈಗ ಅಂಥ ಕಡೆ ಕಾಯಂ ಕೆಲಸ ಕೇಳಲು ಹೋದವನ ಹತ್ತಿರ ಮೊದಲು ಕೇಳುವುದು ಎಸ್ಸೆಸ್ಸೆಲ್ಸಿ ಕಾರ್ಡು. ಐಟಿಐಯ ಹೆಚ್ಚಿನ ಕೋರ್ಸುಗಳಿಗೂ ಅದೇ, ಪಾಲಿಟೆಕ್ನಿಕ್‌ಗೂ ಅದೇ. ಕಾರ್ಡು ಇಲ್ಲದವನ ಪಾಲಿಗೆ ಉಳಿಯುವುದು ಗುತ್ತಿಗೆದಾರನ ಕೈಕೆಳಗಿನ ದಿನಗೂಲಿ. ಭೂಮಿ ನಮ್ಮದು, ಕುರ್ಚಿ ಬೇರೆಯವರದು ಎಂದು ಕೂಗಾಡುವವರು ಮೊದಲು ಆ ಕಾರ್ಡು ಕೈಗೆ ಬರುವಂತೆ ನೋಡಿಕೊಳ್ಳಬೇಡವೇ?

ಗಣಿತ ಯಾಕೆ ಹತ್ತುವುದಿಲ್ಲ?

ದಡ್ಡತನ ಅನ್ನುವುದು ಸುಲಭದ ಉತ್ತರ. 2025-26ರಲ್ಲಿ ಹತ್ತನೇ ಇಯತ್ತೆಗೆ ಕೂತ ಮಗು ಕೋವಿಡ್ ಕಾಲದ 2020-21ರಲ್ಲಿ ಐದನೇ ಇಯತ್ತೆಯಲ್ಲಿತ್ತು. ಭಾಗಾಕಾರ, ಭಿನ್ನರಾಶಿ ಗಟ್ಟಿಯಾಗಬೇಕಾದ ವರ್ಷ ಶಾಲೆಗೆ ಬೀಗ. ಮನೆಯಲ್ಲಿ ಒಂದೇ ಮೊಬೈಲು, ಅದೂ ಅಪ್ಪನ ಕಿಸೆಯಲ್ಲಿ. ಪಾಯ ಹಾಕದ ಗೋಡೆಯ ಮೇಲೆ ಬೀಜಗಣಿತದ ಮಾಳಿಗೆ ಕಟ್ಟಿ ಅಂದರೆ ಯಾವ ಮಾಸ್ತರು ಕಟ್ಟಿಯಾನು? ಈ ಮಕ್ಕಳ ಬೆನ್ನಿಗೇ ಬರುವ ತಂಡಗಳೂ ಅದೇ ಕಾಲದಲ್ಲಿ ಅಕ್ಷರ, ಮಗ್ಗಿ ಕಲಿತವು. ಇನ್ನೂ ಕೆಲವು ವರ್ಷ ಈ ಪೆಟ್ಟು ಇದ್ದೇ ಇರುತ್ತದೆ.

ಇನ್ನು ಭಾಷೆ. ಈ ಭಾಗದ ಬಹಳಷ್ಟು ಮನೆಗಳಲ್ಲಿ ಆಡುವುದು ಕೊಂಕಣಿ. ಶಾಲೆಯಲ್ಲಿ ಪಾಠ ಕನ್ನಡದಲ್ಲಿ. ಮುಂದೆ ಕಾಲೇಜಿಗೆ ಹೋದರೆ ವಿಜ್ಞಾನ ಇಂಗ್ಲಿಷಿನಲ್ಲಿ. ಮೂರು ಭಾಷೆ ಬರುವುದು ಸಂಪತ್ತು, ಯಾರಾದರೂ ಜೊತೆಗೆ ಕೂತು ಒಂದರಿಂದ ಇನ್ನೊಂದಕ್ಕೆ ದಾಟಿಸಿದರೆ. ಇಲ್ಲದಿದ್ದರೆ ಪ್ರಶ್ನೆಯೇ ಅರ್ಥವಾಗದೆ ಉತ್ತರ ಗೊತ್ತಿದ್ದ ಮಗುವೂ ಬಾಯಿ ಮುಚ್ಚಿ ಕೂರುತ್ತದೆ. ಬಯಲುಸೀಮೆಯಿಂದ ಬಂದ ಮಾಸ್ತರರಿಗೆ ಕೊಂಕಣಿ ತಿಳಿಯದು. ನಾಲ್ಕು ಮಾತು ಕಲಿಯುವಷ್ಟರಲ್ಲಿ ವರ್ಗಾವಣೆಯ ಕಾಲ ಬರುತ್ತದೆ. ಖಾಲಿ ಜಾಗಕ್ಕೆ ಅತಿಥಿ ಶಿಕ್ಷಕರು. ಅತಿಥಿ ಬರುವುದು ಶಾಲೆ ಶುರುವಾದ ಎಷ್ಟೋ ದಿನದ ಮೇಲೆ!

ಮಳೆಯೂ ತನ್ನ ಪಾಲು ಕೇಳುತ್ತದೆ. ಜೂನ್, ಜುಲೈ ಬಂತೆಂದರೆ ರೆಡ್ ಅಲರ್ಟ್, ರಜೆ. 2019ರ ಆಗಸ್ಟಿನಲ್ಲಿ, 2021ರ ಜುಲೈಯಲ್ಲಿ ಕದ್ರಾ ಅಣೆಕಟ್ಟೆಯಿಂದ ನೀರು ಬಿಟ್ಟಾಗ ಕಾಳಿ ದಂಡೆಯ ಊರುಗಳು ಮುಳುಗಿದವು. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಜರಿದು ಹೆದ್ದಾರಿಯೇ ಮುಚ್ಚಿತು. ಆಗಸ್ಟ್ 7ರ ಮಧ್ಯರಾತ್ರಿ ಕಳೆದ ಹೊತ್ತಿಗೆ ಕೋಡಿಬಾಗ ಮತ್ತು ಸದಾಶಿವಗಡದ ನಡುವಿನ ಕಾಳಿಯ ಹಳೇ ಸೇತುವೆ ಲಾರಿಯ ಸಮೇತ ನೀರಿಗೆ ಬಿತ್ತು. ಹೆದ್ದಾರಿಯ ಹೊರೆಯೆಲ್ಲಾ ಪಕ್ಕದ ಹೊಸ ಸೇತುವೆಯ ಹೆಗಲಿಗೆ ಬಂತು. ಕಾರವಾರ ಪಟ್ಟಣದ ಕಾಲೇಜು, ಟ್ಯೂಷನ್ನು ಎಂದು ಹೊಳೆ ದಾಟುವ ಮಕ್ಕಳ ತಾಯಂದಿರು ಎಷ್ಟು ದಿನ ಎದೆ ಹಿಡಿದುಕೊಂಡಿದ್ದರೋ! ಮಕ್ಕಳ ಸುರಕ್ಷೆಗೆ ರಜೆ ಕೊಡಲೇಬೇಕು. ಆದರೆ ಹೋದ ಪಾಠ ಶನಿವಾರ ಮಧ್ಯಾಹ್ನದ ಗಡಿಬಿಡಿಯಲ್ಲಿ ಮುಗಿಸುವಂಥದ್ದಲ್ಲ.

ಇರುವ ಸೌಲಭ್ಯ ತಲುಪುತ್ತಿದೆಯೇ?

ಸರಕಾರ ಏನೂ ಮಾಡಿಲ್ಲ ಅನ್ನುವುದು ಸುಳ್ಳಾದೀತು. ಮಧ್ಯಾಹ್ನದ ಬಿಸಿಯೂಟ 2007ರಿಂದ ಹೈಸ್ಕೂಲಿಗೂ ಬಂತು. ಹಾಲು ಬಂತು, ಮೊಟ್ಟೆ ಬಂತು. ಎಂಟನೇ ಇಯತ್ತೆಗೆ ಸೈಕಲ್ಲು 2006-07ರಲ್ಲಿ ಬಂತು. ಕೋವಿಡ್ ವರ್ಷದಲ್ಲಿ ಅದು ನಿಂತಾಗ ದೊಡ್ಡ ಗದ್ದಲವೂ ಆಗಲಿಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಬಸ್ಸು ಫ್ರೀ. ಫ್ರೀ ಆದದ್ದು ಒಳ್ಳೇದೇ. ಆದರೆ ಶಾಲೆಯ ಗಂಟೆ ಹೊಡೆಯುವ ಮುಂಚೆ ಒಂದು ಬಸ್ಸು, ಬಿಟ್ಟ ಮೇಲೆ ಒಂದು ಬಸ್ಸು ಹಳ್ಳಿಯ ತಿರುವಿನಲ್ಲಿ ನಿಲ್ಲಬೇಕು. ನಿಲ್ಲದ ಬಸ್ಸು ಫ್ರೀ ಆದರೇನು, ದುಡ್ಡಿನದಾದರೇನು?

ರಾಷ್ಟ್ರೀಯ ಪ್ರತಿಭಾ ವಿದ್ಯಾರ್ಥಿವೇತನ ಎಂಬುದೊಂದು ಇದೆ. ಸರಕಾರಿ, ಅನುದಾನಿತ ಶಾಲೆಯ ಎಂಟನೇ ಇಯತ್ತೆಯ ಮಗು ಪರೀಕ್ಷೆ ಬರೆದು ಆಯ್ಕೆಯಾದರೆ ಒಂಬತ್ತರಿಂದ ಹನ್ನೆರಡರವರೆಗೆ ವರ್ಷಕ್ಕೆ 12,000 ರೂಪಾಯಿ. ಮನೆಯ ವರಮಾನ ವರ್ಷಕ್ಕೆ ಮೂರೂವರೆ ಲಕ್ಷ ಮೀರಬಾರದು. ರೈತರ ಹೆಣ್ಣುಮಕ್ಕಳಿಗೆ ಎಂಟರಿಂದ ಹತ್ತರವರೆಗೆ ರೈತ ವಿದ್ಯಾನಿಧಿಯೂ ಇದೆ. ಇದು ಎಷ್ಟು ಮನೆಗೆ ಗೊತ್ತು? ಗೊತ್ತಿದ್ದರೂ ವರಮಾನ ಸರ್ಟಿಫಿಕೇಟಿಗೆ ಒಂದು ದಿನ, ಬ್ಯಾಂಕಿಗೆ ಒಂದು ದಿನ ಕೂಲಿ ಬಿಟ್ಟು ಅಲೆಯಬೇಕು. ಕೊನೆಯ ತಾರೀಕು ಮುಗಿದ ಮೇಲೆ ಅರ್ಜಿ ಸಿದ್ಧ!

ಹಾಗೆಯೇ 2023-24ರಿಂದ ಎಸ್ಸೆಸ್ಸೆಲ್ಸಿಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ. ಮೊದಲನೆಯದರಲ್ಲಿ ಬಿದ್ದವನಿಗೆ ಎರಡನೆಯದು. ವರ್ಷ ಹಾಳಾಗುವುದಿಲ್ಲ. ಆದರೆ ಫೇಲಾದ ದಿನ ಮಗು ಮನೆಯ ಮೂಲೆ ಸೇರುತ್ತದೆ. "ಬಾ ಮಗಾ, ಫಾರ್ಮು ತುಂಬುವಾ" ಎಂದು ಹೋಗಿ ಕರೆಯುವವರು ಇಲ್ಲದಿದ್ದರೆ ಮೂವತ್ತು ಪರೀಕ್ಷೆ ಇಟ್ಟರೂ ಅಷ್ಟೇ. ಮನಸ್ಸು ಕುಗ್ಗಿದ ಮಗುವಿಗೆ 14416 ಎಂಬ ಟೆಲಿ ಮಾನಸ್ ಫೋನಿದೆ, ಮಕ್ಕಳ ಸಹಾಯಕ್ಕೆ 1098 ಇದೆ. ಇವೆರಡು ನಂಬರು ಪ್ರತಿ ಶಾಲೆಯ ಗೋಡೆಯ ಮೇಲೆ, ಫಲಿತಾಂಶದ ಪಟ್ಟಿಯ ಪಕ್ಕದಲ್ಲೇ ಇರಬೇಕು.

ಹಾಗಾದರೆ ಊರು ಮಾಡುವುದೇನು?

ಇದು ಆಗದ ಮಾತೇನಲ್ಲ. ಹೈಸ್ಕೂಲು ಬೇಕೆಂದರೆ ಪೇಟೆಗೇ ಹೋಗಬೇಕಾಗಿದ್ದ ಕಾಲದಲ್ಲಿ ಡಾ. ದಿನಕರ ದೇಸಾಯಿಯವರು 1953ರಲ್ಲಿ ಅಂಕೋಲೆಯಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿದರು. ಜಿಲ್ಲೆಯ ಊರೂರಲ್ಲಿ ಹೈಸ್ಕೂಲು ತೆರೆದರು. 1966ರಲ್ಲಿ ಅಂಕೋಲೆಯಲ್ಲಿ ಗೋಖಲೆ ಸೆಂಟಿನರಿ ಕಾಲೇಜು ಬಂತು. ಸರಕಾರ ಮಾಡಲಿ ಎಂದು ಅವರು ಕಾಯುತ್ತಾ ಕೂರಲಿಲ್ಲ. ಸರಕಾರವನ್ನು ಸುಮ್ಮನೆ ಬಿಡಲೂ ಇಲ್ಲ. ಆ ಎರಡೂ ಬುದ್ಧಿ ಈಗ ಬೇಕು.

ಮೊದಲನೆಯದು, ಹಾಜರಿ. ಒಂಬತ್ತು, ಹತ್ತನೇ ಇಯತ್ತೆಯ ಮಗು ಮೂರು ದಿನ ಬಾರದಿದ್ದರೆ ನಾಲ್ಕನೇ ದಿನ ಶಾಲಾ ಸಮಿತಿಯ ಒಬ್ಬರು ಮನೆಗೆ ಹೋಗಬೇಕು. ಬೈಯಲು ಅಲ್ಲ, ಕೇಳಲು.

ಎರಡನೆಯದು, ಸಂಜೆಯ ಓದು. ಗ್ರಾಮ ಪಂಚಾಯತಿಗಳ ಲೈಬ್ರರಿಗೆ ಈಗ ಅರಿವು ಕೇಂದ್ರ ಎಂಬ ಹೆಸರಿದೆ, ಮಕ್ಕಳ ಸದಸ್ಯತ್ವಕ್ಕೆ ದುಡ್ಡಿಲ್ಲ. ಸಂಜೆ ಆರರಿಂದ ಎಂಟರವರೆಗೆ ಅದರ ದೀಪ ಉರಿಯಲಿ. ಊರಿನಲ್ಲಿ ಡಿಗ್ರಿ ಮುಗಿಸಿ ಕೆಲಸ ಹುಡುಕುತ್ತಿರುವ ಹುಡುಗ ಹುಡುಗಿಯರು ಇದ್ದಾರೆ. ಪಂಚಾಯತಿ ಅವರಿಗೆ ಸಣ್ಣ ಗೌರವಧನ ಕೊಟ್ಟು, ಐದನೇ ಇಯತ್ತೆಯ ಭಾಗಾಕಾರದಿಂದಲೇ ಶುರು ಮಾಡಿಸಲಿ. ಕೊಂಕಣಿಯಲ್ಲಿ ಬಿಡಿಸಿ ಹೇಳಿ, ಕನ್ನಡದಲ್ಲಿ ಬರೆಸಲಿ. ಅದರಿಂದ ಯಾವ ಭಾಷೆಯೂ ಮೈಲಿಗೆಯಾಗುವುದಿಲ್ಲ.

ಮೂರನೆಯದು, ಫಲಿತಾಂಶದ ಮರುದಿನ. ಪಾಸಾದವರಿಗೆ ಹಾರ ಹಾಕುವ ಮುಂಚೆ ಫೇಲಾದವರ ಪಟ್ಟಿ ಹಿಡಿದು ಅವರ ಮನೆ ಮನೆಗೆ ಹೋಗಬೇಕು. ಎರಡನೇ ಪರೀಕ್ಷೆಯ ಫಾರ್ಮು ತುಂಬಿಸಿಯೇ ಹಿಂದಿರುಗಬೇಕು.

ಇನ್ನು ಇಲಾಖೆಯ ಪಾಲು. ಅತಿಥಿ ಶಿಕ್ಷಕರು ಶಾಲೆ ತೆರೆದ ದಿನವೇ ಕ್ಲಾಸಿನಲ್ಲಿರಲಿ. ಬಸ್ಸಿನ ವೇಳಾಪಟ್ಟಿಯನ್ನು ಶಾಲೆಯ ಗಂಟೆ ನೋಡಿ ಬರೆಯಲಿ. ವಿದ್ಯಾರ್ಥಿವೇತನದ ಕಾಗದಪತ್ರಕ್ಕೆ ಕಂದಾಯದವರೇ ವರ್ಷಕ್ಕೊಂದು ದಿನ ಶಾಲೆಗೆ ಬಂದು ಕೂರಲಿ. ಇದಕ್ಕೆಲ್ಲಾ ಕೋಟಿ ಬೇಕಿಲ್ಲ, ಮನಸ್ಸು ಬೇಕು.

ಹಣಕೋಣದವರಿಗೆ ಒಗ್ಗಟ್ಟು ಕಲಿಸಬೇಕಾಗಿಲ್ಲ. ಒಂದೂವರೆ ದಶಕದ ಹಿಂದೆ ಕಲ್ಲಿದ್ದಲಿನ ವಿದ್ಯುತ್ ಸ್ಥಾವರ ನಮ್ಮೂರಿಗೆ ಬೇಡವೆಂದು ಬೀದಿಗಿಳಿದು ನಿಂತವರು ಅವರು. ಬೇಡದ್ದನ್ನು ಬೇಡ ಅಂದ ಊರು, ಬೇಕಾದದ್ದನ್ನು ಬೇಕು ಅನ್ನಲಾರದೇ? ದೇವಿಯ ಬಾಗಿಲು ಏಳು ದಿನ ತೆರೆದರೆ ಸಾಕು, ಆಕೆ ಮುಚ್ಚಿದ ಬಾಗಿಲಿನೊಳಗಿಂದಲೂ ಕಾಯುತ್ತಾಳೆ ಎಂಬುದು ಭಕ್ತರ ನಂಬಿಕೆ. ಮಕ್ಕಳನ್ನು ಕಾಯುವ ಕೆಲಸ ಮಾತ್ರ ಊರಿನದು. ಆ ಬಾಗಿಲು ವರ್ಷದ 365 ದಿನವೂ ತೆರೆದಿರಬೇಕು.