ಜಾತಿಯೂ ಹೌದು, ಲಿಂಗತ್ವವೂ ಹೌದು: ಗ್ರೇಸ್ ಬಾನು ಹಿಡಿದಿರುವ ಪಟ್ಟು ಮತ್ತು ಕರ್ನಾಟಕದ ಶೇ. 1ರ ಲೆಕ್ಕ

ಲಿಂಗತ್ವದ ಕಾರಣಕ್ಕೆ ಎರಡು ಖಾಸಗಿ ಶಾಲೆಗಳಲ್ಲಿ ಕೆಲಸ ಕಳೆದುಕೊಂಡ ಶಿಕ್ಷಕಿಯೊಬ್ಬರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 2025ರ ಅಕ್ಟೋಬರ್ 17ರಂದು ತೀರ್ಪು ನೀಡಿತು. ಆಕೆಗೆ ಪರಿಹಾರ ಕೊಡಿಸಿದ್ದಷ್ಟೇ ಅಲ್ಲ, ತೃತೀಯ ಲಿಂಗಿಗಳಿಗೆ ಸಮಾನ ಅವಕಾಶ ನೀತಿಯ ಕರಡು ರೂಪಿಸಲು ದೆಹಲಿ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಆಶಾ ಮೆನನ್ ಅಧ್ಯಕ್ಷತೆಯಲ್ಲಿ ಒಂದು ಸಮಿತಿಯನ್ನೂ ರಚಿಸಿತು. ಬೆಂಗಳೂರಿನ ಅಕ್ಕೈ ಪದ್ಮಶಾಲಿ, ಹೈದರಾಬಾದಿನ ವೈಜಯಂತಿ ವಸಂತ ಮೊಗ್ಲಿ ಮತ್ತು ತಮಿಳುನಾಡಿನ ಗ್ರೇಸ್ ಬಾನು ಅದರ ಸದಸ್ಯರಲ್ಲಿ ಸೇರಿದ್ದಾರೆ.

ಅಕ್ಕೈ ಕನ್ನಡಿಗರಿಗೆ ಹೊಸಬರಲ್ಲ. ಗ್ರೇಸ್ ಬಾನು ಹೆಸರು ಚೆನ್ನೈನ ಕನ್ನಡಿಗರನ್ನು ಬಿಟ್ಟರೆ ಉಳಿದವರಿಗೆ ಅಷ್ಟು ಪರಿಚಿತವಲ್ಲ. ಆದರೆ ಆಕೆ ಹತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಕೇಳುತ್ತಿರುವ ಒಂದು ಬೇಡಿಕೆಯನ್ನು ದೇಶದಲ್ಲಿ ಮೊದಲು ನಿಯಮವಾಗಿ ಬರೆದ ರಾಜ್ಯ ಕರ್ನಾಟಕ. ಬರೆದದ್ದು ಎಷ್ಟರಮಟ್ಟಿಗೆ ಕೆಲಸಕ್ಕೆ ಬಂದಿದೆ ಎಂಬುದು ಬೇರೆ ಮಾತು.

ತೂತ್ತುಕುಡಿಯಿಂದ ಎಂಜಿನಿಯರಿಂಗ್ ಕಾಲೇಜಿಗೆ

ಗ್ರೇಸ್ ಬಾನು ತೂತ್ತುಕುಡಿ ಜಿಲ್ಲೆಯ ದಲಿತ ಕುಟುಂಬದವರು. ಶಾಲೆಯಲ್ಲಿ ಬೇರೆ ಮಕ್ಕಳ ಜೊತೆ ಬೆರೆಯದಂತೆ ತಮ್ಮನ್ನು ತಡವಾಗಿ ಬರಲು, ಬೇಗ ಹೊರಡಲು ಹೇಳಿದ್ದನ್ನು ಆಕೆ ಹಲವು ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾರೆ. ಆ ಮಗುವನ್ನು ದೂರ ಇಟ್ಟದ್ದು ಜಾತಿಗಾಗಿಯೋ, ನಡಿಗೆ ಮಾತುಗಳಿಗಾಗಿಯೋ? ಬಿಡಿಸಿ ಹೇಳುವುದು ಸಾಧ್ಯವಿಲ್ಲ. ಆಕೆಯ ಮುಂದಿನ ರಾಜಕೀಯವೆಲ್ಲ ನಿಂತಿರುವುದು ಇದರ ಮೇಲೆಯೇ.

ಡಿಪ್ಲೊಮಾ ಮುಗಿಸಿ, ತಮಿಳುನಾಡಿನಲ್ಲಿ ಎಂಜಿನಿಯರಿಂಗ್ ಕಾಲೇಜಿಗೆ ಪ್ರವೇಶ ಪಡೆದ ಮೊದಲ ಟ್ರಾನ್ಸ್‌ಜೆಂಡರ್ ವಿದ್ಯಾರ್ಥಿ ಎನಿಸಿಕೊಂಡರು. ಅಲ್ಲಿಂದಾಚೆಗೆ ಆಕೆ ಹಿಡಿದ ದಾರಿ ಪ್ರವೇಶ ಪರೀಕ್ಷೆ, ಅರ್ಜಿ ನಮೂನೆ, ಹೈಕೋರ್ಟ್ ಮೆಟ್ಟಿಲುಗಳದ್ದು. ಸರ್ಕಾರಿ ಅರ್ಜಿಯಲ್ಲಿ ಗಂಡು ಮತ್ತು ಹೆಣ್ಣು ಎಂಬ ಎರಡೇ ಚೌಕಗಳಿದ್ದ ಕಾಲದಲ್ಲಿ ಪೃಥಿಕಾ ಯಾಶಿನಿ ಪೊಲೀಸ್ ಸಬ್‌ಇನ್‌ಸ್ಪೆಕ್ಟರ್ ಹುದ್ದೆಗೆ ಹೋರಾಡಿದಾಗ ಆಕೆಯ ಬೆನ್ನಿಗೆ ನಿಂತವರಲ್ಲಿ ಬಾನು ಒಬ್ಬರು. 2015ರಲ್ಲಿ ಮದ್ರಾಸ್ ಹೈಕೋರ್ಟ್ ಪೃಥಿಕಾ ಪರವಾಗಿ ತೀರ್ಪು ಕೊಟ್ಟಿತು, 2017ರಲ್ಲಿ ಅವರು ಸಮವಸ್ತ್ರ ತೊಟ್ಟರು. ಬಾನು ಮಗಳಂತೆ ಸಾಕಿದ ತಾರಿಕಾ ಬಾನು ಸಿದ್ಧ ವೈದ್ಯಕೀಯಕ್ಕೆ ಸೀಟು ಪಡೆದದ್ದೂ ಕೋರ್ಟಿನ ಮೂಲಕವೇ. ಒಬ್ಬೊಬ್ಬರಿಗೂ ಒಂದೊಂದು ಕೇಸು! ಹೀಗೆ ಎಷ್ಟು ಮಂದಿಯನ್ನು ದಡ ಸೇರಿಸಲು ಸಾಧ್ಯ?

ಹೊಸ ಜಾತಿಯಲ್ಲ ಎಂಬ ವಾದ

2014ರ ಏಪ್ರಿಲ್ 15ರ ನಾಲ್ಸಾ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ತೃತೀಯ ಲಿಂಗಿಗಳನ್ನು ಸಾಮಾಜಿಕವಾಗಿ ಮತ್ತು ಶೈಕ್ಷಣಿಕವಾಗಿ ಹಿಂದುಳಿದ ವರ್ಗವೆಂದು ಪರಿಗಣಿಸಿ ಶಿಕ್ಷಣ, ಉದ್ಯೋಗದಲ್ಲಿ ಮೀಸಲಾತಿ ಕೊಡಿ ಎಂದಿತು. ಹೇಗೆ ಕೊಡಬೇಕು ಎಂಬುದನ್ನು ಬಿಡಿಸಿ ಹೇಳಲಿಲ್ಲ. ತೊಡಕು ಶುರುವಾದದ್ದೇ ಇಲ್ಲಿ.

ಸರ್ಕಾರಗಳು ಸುಲಭದ ದಾರಿ ಹಿಡಿದವು. ತಮಿಳುನಾಡು 2015ರಲ್ಲಿ ಅತಿ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ಇವರಿಗೆ ಜಾಗ ಮಾಡಿತು. ಮಧ್ಯಪ್ರದೇಶ 2023ರಲ್ಲಿ ಒಬಿಸಿ ಪಟ್ಟಿಗೆ ಸೇರಿಸಿತು. ಬಿಹಾರದ ಜಾತಿ ಗಣತಿಯಲ್ಲಂತೂ ತೃತೀಯ ಲಿಂಗಿಗಳಿಗೆ ಒಂದು ಜಾತಿಯ ಸಂಕೇತ ಸಂಖ್ಯೆಯನ್ನೇ ಕೊಟ್ಟುಬಿಟ್ಟರು.

ಬಾನು ಮತ್ತು ಆಕೆಯ ಟ್ರಾನ್ಸ್ ರೈಟ್ಸ್ ನೌ ಕಲೆಕ್ಟಿವ್ ಇದನ್ನು ಒಪ್ಪಲಿಲ್ಲ. ಅವರ ಪ್ರಶ್ನೆ ನೇರವಾದದ್ದು. ದಲಿತ ಟ್ರಾನ್ಸ್ ಮಹಿಳೆ ಏನು ಮಾಡಬೇಕು? ಪರಿಶಿಷ್ಟ ಜಾತಿಯ ಕೋಟಾದಲ್ಲಿ ಹೋದರೆ ಆಕೆಯ ಲಿಂಗತ್ವ ಲೆಕ್ಕಕ್ಕಿಲ್ಲ, ಮನೆಯ ಆಸರೆಯಲ್ಲಿ ಓದಿದ ಅದೇ ಜಾತಿಯ ಗಂಡು ಹೆಣ್ಣುಗಳ ಜೊತೆ ಪೈಪೋಟಿಗೆ ಇಳಿಯಬೇಕು. ಟ್ರಾನ್ಸ್ ಎಂದು ಹಿಂದುಳಿದ ವರ್ಗದಲ್ಲಿ ಹೋದರೆ ಆಕೆ ದಲಿತಳು ಎಂಬುದು ಅಳಿಸಿಹೋಗುತ್ತದೆ.

ಇದಕ್ಕೆ ಅವರು ಸೂಚಿಸುವ ಪರಿಹಾರ ಸಮತಲ ಮೀಸಲಾತಿ. ಮಹಿಳೆಯರಿಗೆ, ಅಂಗವಿಕಲರಿಗೆ ಈಗಾಗಲೇ ಇರುವ ಕ್ರಮವಿದು. ಜಾತಿ ಮೀಸಲಾತಿಯ ಪ್ರತಿಯೊಂದು ಕಂಬವನ್ನೂ ಅಡ್ಡಲಾಗಿ ಹಾದುಹೋಗುವ ಪಟ್ಟಿ ಎಂದು ಕಲ್ಪಿಸಿಕೊಳ್ಳಿ. ಪರಿಶಿಷ್ಟ ಜಾತಿಯ ಪಾಲಿನಲ್ಲಿ ಇಷ್ಟು, ಪರಿಶಿಷ್ಟ ಪಂಗಡದಲ್ಲಿ ಇಷ್ಟು, ಹಿಂದುಳಿದವರಲ್ಲಿ ಇಷ್ಟು, ಸಾಮಾನ್ಯ ವರ್ಗದಲ್ಲಿಯೂ ಇಷ್ಟು. ಯಾರ ಪಾಲೂ ಕಡಿಮೆಯಾಗುವುದಿಲ್ಲ, ಶೇ. 50ರ ಮಿತಿಗೂ ಧಕ್ಕೆಯಿಲ್ಲ.

2019ರಲ್ಲಿ ಸಂಸತ್ತು ಅಂಗೀಕರಿಸಿದ ಕಾಯ್ದೆಯಲ್ಲಿ ಮೀಸಲಾತಿಯ ಪ್ರಸ್ತಾಪವೇ ಇರಲಿಲ್ಲ. ಈಗಿರುವ ಎಸ್‌ಸಿ, ಎಸ್‌ಟಿ, ಒಬಿಸಿ, ಇಡಬ್ಲ್ಯುಎಸ್ ಮೀಸಲಾತಿಯಲ್ಲೇ ಅವರು ಅವಕಾಶ ಪಡೆಯಬಹುದು ಎಂಬುದು 2023ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಕೇಂದ್ರದ ಉತ್ತರವಾಗಿತ್ತು. ಹಾಗಾದರೆ ನಾಲ್ಸಾ ತೀರ್ಪು ಹೊಸದಾಗಿ ಕೊಟ್ಟದ್ದೇನು ಎಂಬ ಪ್ರಶ್ನೆಗೆ ಇದರಲ್ಲಿ ಉತ್ತರ ಸಿಗುವುದಿಲ್ಲ. 2024ರ ಜೂನ್‌ನಲ್ಲಿ ಮದ್ರಾಸ್ ಹೈಕೋರ್ಟ್ ತಮಿಳುನಾಡಿನ 2015ರ ಆದೇಶವನ್ನು ರದ್ದು ಮಾಡಿತು. ಲಿಂಗ ಗುರುತನ್ನು ಜಾತಿಯಂತೆ ಕಾಣುವುದು ನಾಲ್ಸಾ ತೀರ್ಪಿಗೆ ವಿರುದ್ಧ ಎಂದು ಹೇಳಿ, ಸಮತಲ ಮೀಸಲಾತಿ ಕೊಡುವಂತೆ ಸೂಚಿಸಿತು. ಬೀದಿಯಲ್ಲಿ ಕೇಳಿಬರುತ್ತಿದ್ದ ವಾದ ನ್ಯಾಯಾಲಯದ ಭಾಷೆಯಾದದ್ದು ಹೀಗೆ.

ಕರ್ನಾಟಕದ ಶೇ. 1

ಅದಕ್ಕೂ ಮೊದಲೇ ಕರ್ನಾಟಕ ಹೆಜ್ಜೆ ಇಟ್ಟಿತ್ತು. ಪೊಲೀಸ್ ನೇಮಕಾತಿಗೆ ಗಂಡು ಮತ್ತು ಹೆಣ್ಣು ಅಭ್ಯರ್ಥಿಗಳಿಂದ ಮಾತ್ರ ಅರ್ಜಿ ಕರೆದದ್ದನ್ನು ಪ್ರಶ್ನಿಸಿ ಬೆಂಗಳೂರಿನ ಸಂಗಮ ಸಂಸ್ಥೆ ಹೈಕೋರ್ಟಿಗೆ ಹೋಯಿತು. 2021ರ ಜುಲೈನಲ್ಲಿ ಸರ್ಕಾರ 1977ರ ನೇಮಕಾತಿ ನಿಯಮಗಳಿಗೆ ತಿದ್ದುಪಡಿ ತಂದು, ಎಲ್ಲ ಪ್ರವರ್ಗಗಳಲ್ಲೂ ನೇರ ನೇಮಕಾತಿಯ ಶೇ. 1ರಷ್ಟು ಹುದ್ದೆ ಮೀಸಲಿಟ್ಟಿತು. ದೇಶದಲ್ಲಿ ಮೊದಲು ಹೀಗೆ ಮಾಡಿದ್ದು ನಮ್ಮ ರಾಜ್ಯ ಎಂಬ ಹೆಮ್ಮೆ ಸಹಜ. ಮರುವರ್ಷದ ಪದವೀಧರ ಶಿಕ್ಷಕರ ನೇಮಕಾತಿಯಲ್ಲಿ ಮೂವರು ಆಯ್ಕೆಯಾದದ್ದು ಸುದ್ದಿಯೂ ಆಯಿತು.

ಹೆಮ್ಮೆಯನ್ನು ಸ್ವಲ್ಪ ಬದಿಗಿಟ್ಟು ಲೆಕ್ಕ ಹಾಕೋಣ. ಒಂದು ಇಲಾಖೆ 100 ಹುದ್ದೆಗೆ ಅರ್ಜಿ ಕರೆದರೆ ಶೇ. 1 ಎಂದರೆ ಒಂದೇ ಹುದ್ದೆ. ಅದನ್ನು ಎಲ್ಲ ಪ್ರವರ್ಗಗಳಿಗೂ ಹಂಚುವುದು ಹೇಗೆ? 20 ಹುದ್ದೆಯ ನೇಮಕಾತಿಯಲ್ಲಿ ಅದೂ ಇಲ್ಲ. ಸಾವಿರಾರು ಹುದ್ದೆಗಳ ಪೊಲೀಸ್, ಶಿಕ್ಷಕರ ನೇಮಕಾತಿ ಬಿಟ್ಟರೆ ಬೇರೆ ಕಡೆ ಈ ಶೇ. 1 ಕಾಗದದ ಮೇಲೆ ಕರಗಿಹೋಗುವ ಅಂಕಿ. ಅರ್ಹರು ಸಿಗದಿದ್ದರೆ ಆ ಹುದ್ದೆ ಅದೇ ಪ್ರವರ್ಗದ ಪುರುಷ ಅಥವಾ ಮಹಿಳೆಗೆ ಹೋಗುತ್ತದೆ ಎಂದೂ ನಿಯಮದಲ್ಲಿದೆ.

ಅರ್ಹರು ಸಿಗಬೇಕಾದರೆ ಮೊದಲು ಓದಿರಬೇಕಲ್ಲ. 2011ರ ಜನಗಣತಿಯಲ್ಲಿ 'ಇತರೆ' ಎಂದು ಗುರುತಿಸಿಕೊಂಡವರು ದೇಶದಲ್ಲಿ ಸುಮಾರು 4.88 ಲಕ್ಷ. ಅವರ ಸಾಕ್ಷರತೆ ಶೇ. 56, ಆಗ ದೇಶದ ಸರಾಸರಿ ಶೇ. 74. ಆದರೆ ಕರ್ನಾಟಕದ ನಿಯಮ ಉದ್ಯೋಗಕ್ಕೆ ಮಾತ್ರ ಸೀಮಿತ, ಕಾಲೇಜು ಸೀಟಿಗೆ ಅನ್ವಯಿಸದು. 2024ರ ಡಿಸೆಂಬರ್‌ನಲ್ಲಿ ಹೈಕೋರ್ಟಿನ ಏಕಸದಸ್ಯ ಪೀಠ ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯಲ್ಲಿ ತಾತ್ಕಾಲಿಕವಾಗಿ ಶೇ. 0.5ರಷ್ಟು ಮೀಸಲಾತಿ ಕೊಡಿ ಎಂದಿತು. ಅದಕ್ಕೆ ವಿಭಾಗೀಯ ಪೀಠ ತಡೆ ನೀಡಿತು. ಏಣಿಯ ಮೇಲಿನ ಮೆಟ್ಟಿಲು ಇಟ್ಟು ಕೆಳಗಿನದನ್ನು ಮರೆತಂತಾಗಿದೆ ಎನ್ನದೆ ವಿಧಿಯಿಲ್ಲ. ಬಾನು ಮೊದಲಿನಿಂದಲೂ ಶಿಕ್ಷಣ ಮತ್ತು ಉದ್ಯೋಗವನ್ನು ಒಟ್ಟಿಗೇ ಕೇಳುತ್ತ ಬಂದಿರುವುದು ಇದಕ್ಕೇ.

ತಹಶೀಲ್ದಾರರ ಮುಂದಿನ ಪ್ರಶ್ನೆ

ಸಮತಲ ಮೀಸಲಾತಿಗೆ ಒಂದು ಗಟ್ಟಿ ಆಕ್ಷೇಪವೂ ಇದೆ. ಅದನ್ನು ತಳ್ಳಿಹಾಕುವಂತಿಲ್ಲ. ಜಾತಿಯ ಪಾಲಿನೊಳಗೆ ಜಾಗ ಬೇಕೆಂದರೆ ಜಾತಿ ಪ್ರಮಾಣಪತ್ರ ಬೇಕು. ಅದಕ್ಕೆ ತಂದೆಯ ದಾಖಲೆ, ಶಾಲೆಯ ವರ್ಗಾವಣೆ ಪತ್ರ, ಪಡಿತರ ಚೀಟಿ ಬೇಕು. ಹದಿನಾಲ್ಕು ಹದಿನೈದರ ವಯಸ್ಸಿಗೆ ಮನೆಯಿಂದ ಹೊರದಬ್ಬಿಸಿಕೊಂಡು ಮುಂಬೈಗೋ ಪುಣೆಗೋ ರೈಲು ಹತ್ತಿದವರು ಈ ಕಾಗದಗಳನ್ನು ಎಲ್ಲಿಂದ ತರಬೇಕು? ಹೊರಹಾಕಿದ ಮನೆಯ ಬಾಗಿಲನ್ನೇ ಮತ್ತೆ ತಟ್ಟಬೇಕೇ? ದಾಖಲೆಯಲ್ಲಿರುವ ಹೆಸರು ಒಂದು, ಈಗಿನ ಹೆಸರು ಇನ್ನೊಂದು. ಬೇರೆ ರಾಜ್ಯದಲ್ಲಿ ನೆಲೆಸಿದ್ದರೆ ಮೂಲ ರಾಜ್ಯದ ಜಾತಿಪತ್ರ ಅಲ್ಲಿನ ಮೀಸಲಾತಿಗೆ ನಡೆಯುವುದೂ ಇಲ್ಲ. ಒಂದೇ ಹಿಂದುಳಿದ ವರ್ಗವೆಂದು ಎಲ್ಲರನ್ನೂ ಸೇರಿಸುವುದು ಸರಳ ಎನ್ನುವವರ ವಾದಕ್ಕೆ ಬಲ ಬರುವುದು ಇಲ್ಲಿಯೇ.

ಆದರೆ ಕಾಗದ ಸಿಗುವುದಿಲ್ಲ ಎಂಬುದು ಕಾಗದ ಕೊಡುವ ಕ್ರಮವನ್ನು ಬದಲಿಸಲು ಕಾರಣವಾಗಬೇಕೇ ಹೊರತು ದಲಿತರನ್ನು ದಲಿತರಲ್ಲ ಎನ್ನುವುದಕ್ಕಲ್ಲ. ಹೆತ್ತವರ ಒಪ್ಪಿಗೆಯಿಲ್ಲದೆ ಹಳೆಯ ಶಾಲಾ ದಾಖಲೆ ಮತ್ತು ಸ್ಥಳ ವಿಚಾರಣೆಯ ಆಧಾರದಲ್ಲಿ, ಹೊಸ ಹೆಸರಿನಲ್ಲಿ ಜಾತಿಪತ್ರ ಕೊಡುವ ಅಧಿಕಾರ ತಹಶೀಲ್ದಾರರಿಗೆ ಬೇಕು. ಇದಕ್ಕೆ ಸಂಸತ್ತಿನ ಕಾಯ್ದೆಯೇ ಆಗಬೇಕೆಂದಿಲ್ಲ, ಕಂದಾಯ ಇಲಾಖೆಯ ಸ್ಪಷ್ಟ ಸುತ್ತೋಲೆಯಿಂದಲೂ ಆರಂಭಿಸಬಹುದು. ಶೇ. 1 ಕೊಟ್ಟು ನಾಲ್ಕು ವರ್ಷ ದಾಟಿದ ಕರ್ನಾಟಕ, ಅದರಡಿ ಎಷ್ಟು ಹುದ್ದೆ ಮೀಸಲಾದವು, ಎಷ್ಟು ಭರ್ತಿಯಾದವು, ಎಷ್ಟು ಬೇರೆಯವರ ಪಾಲಾದವು ಎಂಬ ಪಟ್ಟಿಯನ್ನು ಇಲಾಖಾವಾರು ಬಿಡುಗಡೆ ಮಾಡಿದರೆ ಆಶಾ ಮೆನನ್ ಸಮಿತಿಯ ಮೇಜಿನ ಮೇಲೆ ಇಡಲು ಅದಕ್ಕಿಂತ ಉಪಯುಕ್ತ ದಾಖಲೆ ಇನ್ನೊಂದಿಲ್ಲ.