ಹೊಸ ಪೆಡಲ್ ಆಮೇಲೆ, ಮೊದಲು ಪವರ್ ಸಪ್ಲೈ

ಕ್ಯಾರಲ್ಸ್‌ನಲ್ಲಿ ಉಳಿದ ಹಣದಿಂದ ಗಾಯನ ಮಂಡಳಿಯ ಗಿಟಾರಿಗೆ ಇನ್ನೊಂದು ಡಿಲೇ ಪೆಡಲ್ ತರಬೇಕೆಂದು ನಮ್ಮ ಗ್ರೂಪಿನಲ್ಲಿ ಮಾತು ನಡೆಯುತ್ತಿದೆ. ನನ್ನ ಅಭಿಪ್ರಾಯ ಬೇರೆ. ಆ ಹಣಕ್ಕೆ ಒಂದು ಒಳ್ಳೆಯ ಪವರ್ ಸಪ್ಲೈ ತರೋಣ, ಡಿಲೇ ಮುಂದಿನ ವರ್ಷ ಬರಲಿ.

ಪರಮಪ್ರಸಾದದ ನಂತರ ಎಲ್ಲರೂ ಮೌನವಾಗಿ ಪ್ರಾರ್ಥಿಸುವಾಗ ಸ್ಪೀಕರಿನಿಂದ ಬರುವ ಆ ‘ಗುಂಯ್’ ಸದ್ದನ್ನು ನೀವೂ ಕೇಳಿದ್ದೀರಿ. ಹಿರಿಯರು ಗಿಟಾರನ್ನು ದೂರುತ್ತಾರೆ, ಗಿಟಾರಿನವನು ಕೇಬಲನ್ನು ದೂರುತ್ತಾನೆ. ನಮ್ಮಲ್ಲಿ ನಾಲ್ಕು ಪೆಡಲ್‌ಗಳಿಗೆ ಇರುವುದು ಒಂದೇ ಅಡಾಪ್ಟರ್, ಅದರಿಂದ ಮಾಲೆಯಂತೆ ಹೋಗುವ ಒಂದೇ ವಯರ್. ಹೀಗಿದ್ದಾಗ ರಿವರ್ಬ್‌ನಂಥ ಡಿಜಿಟಲ್ ಪೆಡಲಿನ ಒಳಗಿನ ಕಿರಿಕಿರಿ ಅದೇ ವಯರಿನಲ್ಲಿ ಓವರ್‌ಡ್ರೈವ್‌ಗೆ ನುಗ್ಗಿ, ಅಲ್ಲಿ ದೊಡ್ಡದಾಗಿ ಹೊರಬರುತ್ತದೆ. ಅನುಮಾನವಿದ್ದರೆ ಓವರ್‌ಡ್ರೈವ್‌ನಿಂದ ವಯರ್ ಕಿತ್ತು 9 ವೋಲ್ಟಿನ ಬ್ಯಾಟರಿ ಹಾಕಿ ನೋಡಿ. ಸದ್ದು ಇಳಿದರೆ ತಪ್ಪು ಗಿಟಾರಿನದ್ದಲ್ಲ.

ಇದಕ್ಕೆ ಬೇಕಾದದ್ದು ‘ಐಸೊಲೇಟೆಡ್’ ಸಪ್ಲೈ, ಅಂದರೆ ಪ್ರತಿ ಪೆಡಲಿಗೂ ಬೇರೆಯೇ ವಿದ್ಯುತ್ ದಾರಿ. ಮಂಗಳೂರಿಗೋ ಕಣ್ಣೂರಿಗೋ ಹೋದಾಗ ಹತ್ತು ತೂತಿನ ಅಗ್ಗದ ಪೆಟ್ಟಿಗೆ ನೋಡಿ ಮರುಳಾಗಬೇಡಿ. ಹೊರಗೆ ಹತ್ತು ತೂತಿದ್ದರೂ ಒಳಗೆ ಅದೇ ಮಾಲೆ ಇರಬಹುದು. ಕರೆಂಟ್ ತೆಗೆದು, ಏನನ್ನೂ ಜೋಡಿಸದೆ, ಎರಡು ಔಟ್‌ಪುಟ್‌ಗಳ ಮೈನಸ್ ತುದಿಗಳಿಗೆ ಮಲ್ಟಿಮೀಟರ್ ಹಿಡಿದು ನೋಡಿ. ಬೀಪ್ ಎಂದರೆ ಅವೆರಡೂ ಬೇರೆ ಬೇರೆ ಅಲ್ಲ.

ಲೆಕ್ಕ ಕಷ್ಟದ್ದಲ್ಲ. ವೋಲ್ಟೇಜ್ ಪೆಡಲಿನ ಮೇಲೆ ಬರೆದಷ್ಟೇ ಇರಬೇಕು, ಹೆಚ್ಚಿನವಕ್ಕೆ 9 ವೋಲ್ಟ್, ನಡುವೆ ಮೈನಸ್. ಮಿಲಿಆಂಪ್ ಮಾತ್ರ ಜಾಸ್ತಿ ಇದ್ದರೆ ತೊಂದರೆಯಿಲ್ಲ, ಕಡಿಮೆಯಾಗಬಾರದು. ಸಾಧಾರಣ ಓವರ್‌ಡ್ರೈವ್‌ಗೆ 20 ಮಿಲಿಆಂಪ್ ಕೂಡ ಬೇಡ. ಸ್ಟ್ರೈಮನ್ ಬಿಗ್‌ಸ್ಕೈನಂಥ ರಿವರ್ಬ್‌ಗೆ 300 ಬೇಕು. ಅದನ್ನು 100ರ ತೂತಿಗೆ ಸಿಕ್ಕಿಸಿ ‘ಪೆಡಲ್ ಹಾಳು’ ಅನ್ನಬಾರದು. ಪ್ಲಗ್ ಕೂತಿತು ಎಂದು ಕೀಬೋರ್ಡಿನ ಅಡಾಪ್ಟರ್ ಹಾಕುವವರೂ ಇದ್ದಾರೆ (ನಾನೂ ಒಮ್ಮೆ ಹಾಕಿದ್ದೆ, ಆ ಪೆಡಲ್ ಈಗ ಪೇಪರ್ ಹಾರದಂತೆ ಇಡಲು ಉಪಯೋಗ).

ಹೊಸ ಸಪ್ಲೈ ತಂದರೆ ಎಲ್ಲ ಸದ್ದೂ ಹೋಗುತ್ತದೆ ಅಂತಲ್ಲ. ಸಿಂಗಲ್ ಕಾಯಿಲ್ ಗಿಟಾರಿಗೆ ತನ್ನದೇ ಗುಂಯ್‌ಗುಡುವಿಕೆ ಇದೆ. ಆಂಪ್ಲಿಫೈಯರಿಗೂ ಮಿಕ್ಸರಿಗೂ ನಡುವಿನ ಅರ್ಥ್ ಲೂಪ್ ಬೇರೆಯೇ ಸಮಸ್ಯೆ, ಅದಕ್ಕೆ ಗ್ರೌಂಡ್ ಲಿಫ್ಟ್ ಇರುವ ಡಿಐ ಬಾಕ್ಸ್ ಬೇಕು.

ಇದನ್ನೆಲ್ಲ ಈಗ ಬರೆಯಲು ಕಾರಣ ಕಳೆದ ಹಬ್ಬದ ಅಭ್ಯಾಸ. ಸದ್ದು ನಿಲ್ಲಿಸಲು ಯಾರೋ ಆಂಪ್ಲಿಫೈಯರ್ ಪ್ಲಗ್ಗಿನ ಅರ್ಥ್ ಪಿನ್ ಕಿತ್ತಿದ್ದರು. ಸದ್ದು ಸ್ವಲ್ಪ ಇಳಿಯಿತು, ಎಲ್ಲರಿಗೂ ಖುಷಿ. ತಂತಿಗಳ ಮೇಲೆ ಕೈಯಿಟ್ಟು ಹಾಡಲು ಬಾಗಿದ ನಮ್ಮ ಹುಡುಗನಿಗೆ ಮೈಕ್ ತುಟಿಗೆ ತಾಗಿದ ಕೂಡಲೇ ಶಾಕ್ ಹೊಡೆಯಿತು. ಆ ದಿನ ಜುಮ್ ಎಂದದ್ದಷ್ಟೇ. 230 ವೋಲ್ಟ್ ಅಷ್ಟಕ್ಕೇ ಬಿಡುತ್ತದೆಂದು ಹೇಳಲಾಗದು. ಒಳಗೆ ಒಂದು ವಯರ್ ಸಡಿಲವಾಗಿ ಲೋಹದ ಮೈಗೆ ತಾಗಿದರೆ ಜೀವ ಉಳಿಸುವುದು ಆ ಪಿನ್ನೇ.

ಪಿನ್ ಮತ್ತೆ ಹಾಕಿಸಿದ್ದೇವೆ. ಸದ್ದೂ ಹಾಗೆಯೇ ಇದೆ. ಭಾನುವಾರ ಪೂಜೆಯ ನಂತರ ಹಣದ ವಿಷಯಕ್ಕೆ ಸಭೆ ಕರೆದಿದ್ದಾರೆ, ಎಲ್ಲರೂ ಬನ್ನಿ. ಮಲ್ಟಿಮೀಟರ್ ನಾನು ತರುತ್ತೇನೆ.