ಕಲಾ ವಿದ್ಯಾರ್ಥಿಗೆ ಬೂಲನ ಬೀಜಗಣಿತವೇಕೆ?

ಬೀಜಗಣಿತದ ಋಣ ಎಸ್.ಎಸ್.ಎಲ್.ಸಿ.ಯೊಡನೆಯೇ ತೀರಿತೆಂದು ನೆಮ್ಮದಿಯಿಂದಿರುವವರು ನಮ್ಮ ಕಲಾ ವಿಭಾಗದಲ್ಲಿ ಬಹಳ ಮಂದಿ. ಚರಿತ್ರೆ, ಅರ್ಥಶಾಸ್ತ್ರ, ಕನ್ನಡಗಳನ್ನು ಓದುವ ನಮಗೆ ಅದರ ಗೊಡವೆ ಏತಕ್ಕೆ? ಅದರಲ್ಲಿಯೂ ಬೂಲನ ಬೀಜಗಣಿತವೆಂದರೆ ಗಣಕವಿಜ್ಞಾನದವರ ಸೊತ್ತೆಂಬ ಭಾವನೆ ಬೇರೂರಿದೆ. ಈ ಭಾವನೆ ಸರಿಯಲ್ಲವೆಂದೂ, ತೊಡಕಾದ ತಾರ್ಕಿಕ ವಾಕ್ಯವನ್ನು ಬಿಡಿಸಿ ಸುಲಭರೂಪಕ್ಕೆ ತರುವ ಈ ವಿದ್ಯೆ ನಮಗೇ ಹೆಚ್ಚು ಅವಶ್ಯಕವೆಂದೂ ನನ್ನ ಅಭಿಪ್ರಾಯ.

ಜಾರ್ಜ್ ಬೂಲನು 1815ರಲ್ಲಿ ಇಂಗ್ಲೆಂಡಿನ ಲಿಂಕನ್ ಪಟ್ಟಣದಲ್ಲಿ ಪಾದರಕ್ಷೆ ಮಾಡುವವನೊಬ್ಬನ ಮಗನಾಗಿ ಹುಟ್ಟಿದನು. ವಿಶ್ವವಿದ್ಯಾನಿಲಯದಲ್ಲಿ ಓದುವ ಭಾಗ್ಯ ಅವನಿಗಿರಲಿಲ್ಲ. ಸ್ವಂತ ಪರಿಶ್ರಮದಿಂದ ಗಣಿತ ಕಲಿತು, 1849ರಲ್ಲಿ ಐರ್ಲೆಂಡಿನ ಕಾರ್ಕ್ ನಗರದ ಕ್ವೀನ್ಸ್ ಕಾಲೇಜಿನಲ್ಲಿ ಪ್ರಾಧ್ಯಾಪಕನಾದನು. ಮನುಷ್ಯನ ಆಲೋಚನೆಗೂ ಬೀಜಗಣಿತದಂಥ ನಿಯಮಗಳುಂಟೆಂದು 1847ರಲ್ಲಿ ಒಂದು ಕಿರುಹೊತ್ತಗೆಯಲ್ಲಿ, ಮತ್ತೆ 1854ರಲ್ಲಿ ಒಂದು ದೊಡ್ಡ ಗ್ರಂಥದಲ್ಲಿ ತೋರಿಸಿಕೊಟ್ಟನು. ಈ ಗಣಿತದಲ್ಲಿ ಅಕ್ಷರಗಳು ಮೊತ್ತವನ್ನು ಹೇಳುವುದಿಲ್ಲ, ಗುಂಪುಗಳನ್ನು ಹೇಳುತ್ತವೆ. ಇಂದಿನ ರೂಢಿಯಂತೆ ಕೂಡುವ ಗುರುತಿಗೆ ‘ಅಥವಾ’ ಎಂದೂ, ಗುಣಿಸುವ ಗುರುತಿಗೆ ‘ಮತ್ತು’ ಎಂದೂ, ಅಕ್ಷರದ ನೆತ್ತಿಯ ಸಣ್ಣ ಗೆರೆಗೆ ‘ಅಲ್ಲ’ ಎಂದೂ ಅರ್ಥ. 1 ಎಂದರೆ ಎಲ್ಲರೂ, 0 ಎಂದರೆ ಯಾರೂ ಇಲ್ಲ. ಕಪ್ಪು ಹಸುಗಳ ಮಂದೆಯಿಂದ ಕಪ್ಪಾದವನ್ನು ಆರಿಸಿರೆಂದರೆ ಮಂದೆ ಒಂದಿಷ್ಟೂ ಕಿರಿದಾಗದಲ್ಲವೆ? ಆದುದರಿಂದ ಇಲ್ಲಿ ಕ·ಕ = ಕ.

ಈ ಬೂಲನಿಗೂ ನಮ್ಮ ಶ್ರೀರಂಗಪಟ್ಟಣಕ್ಕೂ ದೂರದ ನಂಟೊಂದುಂಟು. 1799ರ ಮುತ್ತಿಗೆಯ ಕಾಲದಲ್ಲಿ ಇಂಗ್ಲಿಷರ ಸೈನ್ಯದಲ್ಲಿದ್ದ ವಿಲಿಯಂ ಲ್ಯಾಂಬ್ಟನ್ನನೇ ಮುಂದೆ ಭಾರತದ ಮಹಾ ತ್ರಿಕೋನಮಿತಿಯ ಮೋಜಣಿಯನ್ನು ಆರಂಭಿಸಿದವನು. 1823ರಲ್ಲಿ ಅವನ ಸ್ಥಾನಕ್ಕೆ ಬಂದವನು ಜಾರ್ಜ್ ಎವರೆಸ್ಟ್. ಆ ಎವರೆಸ್ಟನ ಸೋದರನ ಮಗಳಾದ ಮೇರಿಯನ್ನು ಬೂಲನು 1855ರಲ್ಲಿ ಮದುವೆಯಾದನು. ಬೂಲನ ಜೊತೆಯಲ್ಲಿ ಹೆಸರಿಸಬೇಕಾದ ಇನ್ನೊಬ್ಬ ತರ್ಕಪಂಡಿತ ಅಗಸ್ಟಸ್ ಡಿ ಮಾರ್ಗನ್ ಹುಟ್ಟಿದ್ದು 1806ರಲ್ಲಿ, ನಮ್ಮ ನೆರೆಯ ಮಧುರೆಯಲ್ಲಿ. ಈ ವಿದ್ಯೆಯನ್ನು ತೀರ ಪರದೇಶದ್ದೆಂದು ದೂರ ಇಡಬೇಕಾದುದಿಲ್ಲ.

ಬಹುಕಾಲ ಇದು ಪಂಡಿತರ ಕೌತುಕವಾಗಿಯೇ ಉಳಿದಿತ್ತು. 1938ರಲ್ಲಿ ಅಮೆರಿಕದ ಕ್ಲಾಡ್ ಶ್ಯಾನನ್ ಎಂಬ ತರುಣನು ತನ್ನ ಪ್ರಬಂಧವನ್ನು ಪ್ರಕಟಿಸಿ, ವಿದ್ಯುತ್ ಸ್ವಿಚ್ಚುಗಳ ಜೋಡಣೆಗೂ ಇದೇ ಗಣಿತ ಸಲ್ಲುತ್ತದೆಂದು ತೋರಿಸಿದನು. ಎರಡು ಸ್ವಿಚ್ಚುಗಳು ಒಂದರ ಹಿಂದೆ ಒಂದಿದ್ದರೆ ಅದು ‘ಮತ್ತು’. ಅಕ್ಕಪಕ್ಕದ ಎರಡು ದಾರಿಗಳಲ್ಲಿದ್ದರೆ ಅದು ‘ಅಥವಾ’. ವಾಕ್ಯವನ್ನು ಸುಲಭಗೊಳಿಸಿದರೆ ಸ್ವಿಚ್ಚುಗಳು ಉಳಿಯುತ್ತವೆ. ಇಂಜಿನಿಯರರಿಗೆ ಇದರಿಂದ ಲಾಭವಾಯಿತು. ನಮಗೆ ಉಳಿಯುವುದೇನು ಎಂಬುದೇ ಪ್ರಶ್ನೆ.

ನಮ್ಮ ಬಾಳನ್ನು ಆಳುವ ನಿಯಮಗಳು ಸ್ವಿಚ್ಚುಗಳಲ್ಲಿಲ್ಲ, ಮಾತಿನಲ್ಲಿವೆ. ಆ ಮಾತು ಎಷ್ಟು ಜಾರುವಂಥದೆಂಬುದನ್ನು ನೋಡಿರಿ. ‘ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಮತ್ತು ನಾಗಮಂಗಲ ತಾಲ್ಲೂಕಿನವರು ಅರ್ಜಿ ಹಾಕಬಹುದು’ ಎಂದರೆ, ನಾಲ್ಕು ತಾಲ್ಲೂಕಿನಲ್ಲಿಯೂ ಏಕಕಾಲಕ್ಕೆ ವಾಸಿಸುವ ಪುಣ್ಯಾತ್ಮರು ಯಾರು? ಇಲ್ಲಿಯ ‘ಮತ್ತು’ ತರ್ಕದಲ್ಲಿ ‘ಅಥವಾ’. ‘ಪಹಣಿಯೂ ಆಧಾರ್ ಕಾರ್ಡೂ ತರಬೇಕು’ ಎಂಬಲ್ಲಿಯ ‘ಊ’ ಗುಣಾಕಾರ. ‘ಹೆಂಗಸರೂ ಮುದುಕರೂ ಈ ಸಾಲಿಗೆ ಬರಬಹುದು’ ಎಂಬಲ್ಲಿ ಅದೇ ‘ಊ’ ಸಂಕಲನ. ಒಂದೇ ಪ್ರತ್ಯಯ, ಎರಡು ಲೆಕ್ಕ! ಆಡುವಾಗ ಇದು ತೊಡಕಾಗದು, ಕಚೇರಿಯ ಕಾಗದದಲ್ಲಿ ಆಗುತ್ತದೆ.

ಉದಾಹರಣೆಗಾಗಿ ಪಾಂಡವಪುರದಲ್ಲಿ ಒಂದು ವಿದ್ಯಾರ್ಥಿನಿಲಯವಿದೆಯೆಂದು ಕಲ್ಪಿಸಿಕೊಳ್ಳೋಣ. ಅದರ ಪ್ರಕಟಣೆ ಹೀಗಿದೆಯೆನ್ನಿ: ‘ಊರು 15 ಕಿಲೋಮೀಟರಿಗಿಂತ ದೂರವಿರುವವರು, ಅಥವಾ ಊರು ಅಷ್ಟು ದೂರವಿದ್ದು ಆದಾಯ ಪ್ರಮಾಣಪತ್ರ ಉಳ್ಳವರು, ಅಥವಾ ಊರು ದೂರವಿಲ್ಲದೆಯೂ ಊರಿಗೆ ಬಸ್ಸಿಲ್ಲದವರು ಅರ್ಹರು.’ ಇದನ್ನೋದಿದ ಬಡ ವಿದ್ಯಾರ್ಥಿ ಪ್ರಮಾಣಪತ್ರವಿಲ್ಲದೆ ಹೋದರೆ ಗತಿಯೇನೆಂದು ನಾಡಕಚೇರಿಗೆ ಓಡುತ್ತಾನೆ. ದೂರಕ್ಕೆ ‘ದ’, ಪತ್ರಕ್ಕೆ ‘ಪ’, ಬಸ್ಸಿಲ್ಲದ್ದಕ್ಕೆ ‘ಬ’ ಎಂದಿಟ್ಟರೆ ನಿಯಮದ ರೂಪ ಇದು:

ದ + ದ·ಪ + ದ′·ಬ

ಮೊದಲೆರಡು ಪದಗಳಲ್ಲಿ ‘ದ’ವನ್ನು ಹೊರಗೆ ತೆಗೆದರೆ ದ·(1 + ಪ). ‘ಎಲ್ಲರೂ ಅಥವಾ ಪತ್ರವುಳ್ಳವರು’ ಎಂದರೆ ಎಲ್ಲರೂ ಎಂದೇ ತಾನೆ? ಆದುದರಿಂದ 1 + ಪ = 1; ಉಳಿದದ್ದು ‘ದ’ ಮಾತ್ರ. ಇನ್ನು ದ + ದ′·ಬ ಎಂಬುದು (ದ + ದ′)·(ದ + ಬ) ಆಗುತ್ತದೆ. ದೂರದವರೋ ದೂರವಲ್ಲದವರೋ ಆಗಿರದವರು ಲೋಕದಲ್ಲಿಲ್ಲವಾಗಿ ಮೊದಲ ಆವರಣ 1. ಕೊನೆಗೆ ನಿಂತದ್ದು:

ದ + ಬ

ಊರು ದೂರವಿರಬೇಕು ಅಥವಾ ಬಸ್ಸಿಲ್ಲದಿರಬೇಕು, ಅಷ್ಟೇ. ‘ಪ’ ಎಲ್ಲಿಯೂ ಇಲ್ಲ! ಆ ಪ್ರಮಾಣಪತ್ರದಿಂದ ಒಬ್ಬನೇ ಒಬ್ಬನಿಗೂ ಸ್ಥಳ ಸಿಗುವುದಿಲ್ಲ, ತಪ್ಪುವುದೂ ಇಲ್ಲ. ಇಂಜಿನಿಯರನ ಮಂಡಲದಲ್ಲಿ ಅನವಶ್ಯಕವಾದ ಪದಕ್ಕೆ ಒಂದು ಸ್ವಿಚ್ಚು ದಂಡ. ನಮ್ಮ ಪ್ರಕಟಣೆಯಲ್ಲಿ ಅದಕ್ಕೆ ಒಂದು ದಿನದ ಪಾಠ, ತಂದೆಯ ಒಂದು ದಿನದ ಕೂಲಿ ದಂಡ.

ಇನ್ನೊಂದು ಅಪಾಯ ನಿಷೇಧದಲ್ಲಿದೆ. ಸ್ಥಳ ಯಾರಿಗಿಲ್ಲವೆಂಬುದನ್ನೂ ಫಲಕದಲ್ಲಿ ಬರೆಯಬೇಕಾಯಿತೆನ್ನಿ. ‘ಊರು ಹತ್ತಿರವಿರುವವರಿಗೂ ಬಸ್ಸಿರುವವರಿಗೂ ಸ್ಥಳವಿಲ್ಲ’ ಎಂದು ಬರೆದರೆ ಕಿವಿಗೆ ಸರಿಯಾಗಿಯೇ ಕೇಳುತ್ತದೆ. ಆದರೆ ದಿನಕ್ಕೊಂದು ಬಸ್ಸು ಬರುವ ನಾಗಮಂಗಲದ ಕಡೆಯ ದೂರದ ಹಳ್ಳಿಯ ಹುಡುಗಿ, ಪಾಂಡವಪುರದ ಪಕ್ಕದಲ್ಲಿಯೇ ಇದ್ದು ಬಸ್ಸು ಕಾಣದ ಹಳ್ಳಿಯ ಹುಡುಗ, ಇಬ್ಬರೂ ಹೊರಗುಳಿದರು. ಮೂಲ ನಿಯಮದಂತೆ ಇಬ್ಬರೂ ಅರ್ಹರೇ. ಡಿ ಮಾರ್ಗನ್ನನ ಸೂತ್ರ ಹೇಳುವುದು ಇದನ್ನೇ: ‘ಅಥವಾ’ದ ನಿಷೇಧ ‘ಮತ್ತು’ ಆಗುತ್ತದೆ, (ದ + ಬ)′ = ದ′·ಬ′. ಊರು ಹತ್ತಿರವೂ ಇದ್ದು ಬಸ್ಸೂ ಇರುವವರಿಗೆ ಮಾತ್ರ ಸ್ಥಳವಿಲ್ಲವೆಂದು ಬರೆಯಬೇಕಾಗಿತ್ತು.

ಇದಕ್ಕೆ ಆಕ್ಷೇಪಣೆಯುಂಟು. ನಿಯಮ ಮಾಡಿದವರ ಮನಸ್ಸಿನಲ್ಲಿ ಬಡವರಿಗೆ ಆದ್ಯತೆ ಕೊಡುವ ಉದ್ದೇಶವಿದ್ದಿರಬಹುದು. ಚಿಹ್ನೆಗಳಿಗೆ ಕರುಣೆಯೆಲ್ಲಿಂದ ಬರಬೇಕು ಎಂದು ಕೇಳಬಹುದು. ಮಾತು ನಿಜ. ನಿಯಮ ನ್ಯಾಯವೋ ಅನ್ಯಾಯವೋ ಎಂಬುದನ್ನು ಬೀಜಗಣಿತ ನಿರ್ಣಯಿಸಲಾರದು. ಆದರೆ ಬಡತನಕ್ಕೆ ಈ ನಿಯಮದಲ್ಲಿ ಎಳ್ಳಷ್ಟೂ ಬೆಲೆಯಿಲ್ಲವೆಂಬುದು ಕಣ್ಣಿಗೆ ಬಿದ್ದದ್ದು ‘ಪ’ ಅಳಿಸಿಹೋದ ಮೇಲೆ. ಉದ್ದನೆಯ ವಾಕ್ಯದಲ್ಲಿ ಬಡವರ ಹೆಸರು ಕಾಣುತ್ತಿತ್ತು, ಹಕ್ಕು ಇರಲಿಲ್ಲ. ನಿಯಮ ನಿಜವಾಗಿ ಹೇಳುವುದೇನೆಂದು ತಿಳಿದ ಮೇಲೆಯೇ ಅದನ್ನು ತಿದ್ದಿರೆಂದು ಕೇಳುವುದು ಸಾಧ್ಯ.

ನಮ್ಮಲ್ಲಿ ಎಷ್ಟೋ ಮಂದಿ ನಾಳೆ ಗ್ರಾಮ ಪಂಚಾಯಿತಿಯಲ್ಲಿ, ತಾಲ್ಲೂಕು ಕಚೇರಿಯಲ್ಲಿ, ಸಹಕಾರ ಸಂಘದಲ್ಲಿ, ಶಾಲೆಯಲ್ಲಿ ಕುಳಿತು ಇಂಥ ಪ್ರಕಟಣೆಗಳನ್ನು ಬರೆಯುವವರು. ಉಳಿದವರು ಅವುಗಳನ್ನೋದಿ ಸಾಲಿನಲ್ಲಿ ನಿಲ್ಲುವವರು. ಎರಡು ಪಕ್ಷಕ್ಕೂ ಈ ವಿದ್ಯೆ ಬೇಕು. ಪಿ.ಯು.ಸಿ.ಯಲ್ಲಿ ತರ್ಕಶಾಸ್ತ್ರ ಓದಿ ಬಂದವರು ಕೆಲವರಿದ್ದಾರೆ, ಗಣಿತದ ಅಧ್ಯಾಪಕರಿದ್ದಾರೆ, ಕನ್ನಡದ ಅಧ್ಯಾಪಕರೂ ಇದ್ದಾರೆ. ಇವರೆಲ್ಲರೂ ಕೂಡಿ ವಾರಕ್ಕೊಂದು ಗಂಟೆ, ಕನ್ನಡದಲ್ಲಿಯೇ, ನಮ್ಮ ನಾಲ್ಕು ತಾಲ್ಲೂಕುಗಳ ಪ್ರಕಟಣೆಗಳನ್ನೇ ಪಾಠವಾಗಿಟ್ಟುಕೊಂಡು ಕಲಿಸಿದರೆ ಒಂದು ವರ್ಷ ಸಾಕು. ಅಧ್ಯಾಪಕ ಮಹಾಶಯರು ಈ ಮಾತನ್ನು ಮನಸ್ಸಿಗೆ ತಂದುಕೊಳ್ಳಬೇಕೆಂದು ಪ್ರಾರ್ಥಿಸುತ್ತೇನೆ. ವಿದ್ಯಾರ್ಥಿ ಮಿತ್ರರು ಕಾಯಬೇಕಾಗಿಲ್ಲ. ಕಾಲೇಜಿನ ಫಲಕದ ಮೇಲಿರುವ ಮುಂದಿನ ಪ್ರಕಟಣೆಯಿಂದಲೇ ಆರಂಭಿಸಬಹುದು.